ಬೆಂಗಳೂರಿನ ನಾಣ್ಯ ಮೇಳ: ಮೊದಲ ಸುತ್ತಿನಲ್ಲಿ ದುಡ್ಡು ಬಿಚ್ಚಬೇಡಿ

ಹಳೆಯ ನಾಣ್ಯ, ನೋಟು, ಅಂಚೆಚೀಟಿ ಕೂಡಿಡುವವರಿಗೆ ಬೆಂಗಳೂರಿನಲ್ಲಿ ಜಾತ್ರೆ ಎಂದರೆ ಕೆ.ಜಿ. ರಸ್ತೆಯ ಶಿಕ್ಷಕರ ಸದನದಲ್ಲಿ ನಡೆಯುತ್ತ ಬಂದಿರುವ ನಾಣ್ಯ ಮೇಳ. ಕಾವೇರಿ ಭವನದ ಎದುರಿಗಿದೆ. ಸೆಂಟ್ರಲ್ ಕಾಲೇಜಿನ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು, ಮೆಜೆಸ್ಟಿಕ್ಕಿನಿಂದಲೂ ದೂರವಲ್ಲ. ಕಾರು ಮನೆಯಲ್ಲೇ ಇರಲಿ.

ಹೋಗಲೇಬೇಕಾದ ಮೇಳ ಇದು, ಅದರಲ್ಲೂ ಹೊಸದಾಗಿ ಶುರು ಮಾಡಿದವರು. ಮೊಬೈಲಿನಲ್ಲಿ ಒಂದೇ ಫೋಟೊ ನೋಡಿ ತರಿಸಿಕೊಳ್ಳುವ ನಾಣ್ಯವನ್ನು ಇಲ್ಲಿ ಒಂದೇ ದಿನ ಹತ್ತು ಮೇಜುಗಳಲ್ಲಿ ಕೈಯಲ್ಲಿ ಹಿಡಿದು ನೋಡಬಹುದು. ಅಸಲಿ ಹೇಗಿರುತ್ತದೆ ಎಂದು ಕಣ್ಣಿಗೆ ಗುರುತಾಗುವುದು ಹಾಗೆ ಹೋಲಿಸಿದಾಗಲೇ. ಅಜ್ಜಿಯ ಪೆಟ್ಟಿಗೆಯ ನಾಣ್ಯ ಮಾರಿ ಲಕ್ಷ ಎಣಿಸಿಕೊಂಡು ಬರುತ್ತೇನೆ ಎಂದು ಹೊರಟವರಿಗೆ ಮಾತ್ರ ನಿರಾಸೆ ಖಚಿತ. ಆ ವಿಷಯ ಆಮೇಲೆ.

ಜೊತೆಗೆ ಒಯ್ಯಬೇಕಾದ್ದು ಹೆಚ್ಚೇನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, 0.01 ಗ್ರಾಂವರೆಗೆ ತೂಗುವ ಪುಟ್ಟ ತಕ್ಕಡಿ, ಸಣ್ಣ ಟಾರ್ಚು, ಒಂದು ಚೂರು ಅಯಸ್ಕಾಂತ, ಮತ್ತು ಚಿಲ್ಲರೆಯಾಗಿ ನಗದು. ಯುಪಿಐ ನಡೆಯುತ್ತದೆ, ಆದರೆ ತುಂಬಿದ ಸಭಾಂಗಣದಲ್ಲಿ ನೆಟ್‌ವರ್ಕ್ ಕೈಕೊಡುವುದು ಸಾಮಾನ್ಯ. ಚೌಕಾಸಿ ಮಾಡುವಾಗ ಕೈಯಲ್ಲಿರುವ ನೋಟಿಗೆ ಸಿಗುವ ರಿಯಾಯಿತಿಯೂ ಬೇರೆ.

ಮೊದಲ ಸುತ್ತು ಬರೀ ನೋಡುವುದಕ್ಕೆ. ಬೇಕಾದ ನಾಣ್ಯ, ಮೇಜಿನ ಸಂಖ್ಯೆ, ಹೇಳಿದ ಬೆಲೆ ಇಷ್ಟನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಒಂದೇ ವರ್ಷದ, ಒಂದೇ ಸ್ಥಿತಿಯ ಬೆಳ್ಳಿ ರೂಪಾಯಿಗೆ ಎರಡು ಮೇಜುಗಳಲ್ಲಿ ಎರಡು ಬೆಲೆ ಕೇಳಿಬರುವುದು ಇಲ್ಲಿ ವಿಶೇಷವೇನಲ್ಲ. ಮೊದಲ ದಿನ ಬೆಳಿಗ್ಗೆ ವರ್ತಕರು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳುತ್ತಾರೆ, ಒಳ್ಳೆಯ ಮಾಲು ಆಗಲೇ ಕೈ ಬದಲಿಸುತ್ತದೆ. ಅಪರೂಪದ್ದು ಬೇಕಿದ್ದವರು ಆಗ ಅಲ್ಲಿರಬೇಕು. ಸಾಮಾನ್ಯ ನಾಣ್ಯ ಸಾಕು ಎನ್ನುವವರು ಕೊನೆಯ ದಿನ ಮಧ್ಯಾಹ್ನದ ಮೇಲೆ ಹೋಗಲಿ. ಉಳಿದದ್ದನ್ನು ಮತ್ತೆ ಕಟ್ಟಿ ಹೊತ್ತೊಯ್ಯುವ ಬದಲು ಬೆಲೆ ಇಳಿಸುವವರು ಸಿಗುತ್ತಾರೆ.

ನಾಣ್ಯವನ್ನು ಎತ್ತುವ ಮೊದಲು "ನೋಡಬಹುದಾ ಸಾರ್?" ಎಂದು ಕೇಳಿ. ಹಿಡಿಯುವುದು ಅಂಚಿನಲ್ಲಿ ಮಾತ್ರ, ಅದೂ ಮೇಜಿನ ಮೇಲಿನ ಮೆತ್ತನೆ ಬಟ್ಟೆಗೆ ತೀರ ಹತ್ತಿರ. ನಾದ ಕೇಳಲೆಂದು ನಾಣ್ಯವನ್ನು ಮೇಜಿಗೆ ಬಡಿಯುವ ಹಳೆಯ ಅಭ್ಯಾಸ ಕೆಲವರಿಗಿದೆ. ಹಾಗೆ ಮಾಡಿದರೆ ಅಂಚು ನೆಗ್ಗುತ್ತದೆ, ವರ್ತಕರು ಮುಂದಿನ ನಾಣ್ಯ ತೋರಿಸುವುದಿಲ್ಲ. ತೋರಿಸದಿರುವುದೇ ಸರಿ.

ಹೆಚ್ಚು ವ್ಯಾಪಾರವಾಗುವುದು ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯಲ್ಲಿ, ಹೆಚ್ಚು ನಕಲಿ ಇರುವುದೂ ಅದರಲ್ಲೇ. ಅಸಲಿ ತೂಕ 11.66 ಗ್ರಾಂ. ಸವೆದಿದ್ದರೆ 11.5, 11.4 ಆಗಬಹುದು. ನೋಡಲು ಹೊಚ್ಚಹೊಸದಾಗಿದ್ದೂ 10.8 ತೂಗಿದರೆ ಮಾತಾಡದೆ ಕೆಳಗಿಡಿ. 1939ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಶೇ. 91.7, 1940ರಿಂದ ಶೇ. 50 ಮಾತ್ರ. 1947ರ ಹುಲಿ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಅಯಸ್ಕಾಂತಕ್ಕೆ ಟಕ್ಕನೆ ಅಂಟುತ್ತದೆ. ಬೆಳ್ಳಿಯದು ಎನ್ನುವ ರೂಪಾಯಿ ಅಂಟಿತೋ, ಅದು ನಕಲಿ. ಅಂಟಲಿಲ್ಲ ಎಂದ ಮಾತ್ರಕ್ಕೆ ಅಸಲಿ ಎಂದುಕೊಳ್ಳಬೇಡಿ, ತಾಮ್ರ ಸತುವಿನ ನಕಲಿಯೂ ಅಂಟುವುದಿಲ್ಲ.

1939 ಎಂದು ಇಸವಿ ಇರುವ ಆರನೇ ಜಾರ್ಜ್ ರೂಪಾಯಿ ಬಹಳ ಅಪರೂಪ. ಅದಕ್ಕೇ 1938ರ ನಾಣ್ಯದ ಕೊನೆಯ ಎಂಟನ್ನು ಕೆತ್ತಿ ಒಂಬತ್ತು ಮಾಡಿ ಮಾರುತ್ತಾರೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಮಸೂರದಲ್ಲಿ ಆ ಅಂಕಿಯನ್ನೇ ನೋಡಿ. ಮೊದಲ ಮೂರು ಅಂಕಿಗಳ ಬುಡ ನಾಣ್ಯದ ಮೈಯಿಂದ ನಯವಾಗಿ ಮೇಲೆದ್ದಿರುತ್ತದೆ. ತಿದ್ದಿದ ಒಂಬತ್ತಿನ ಕೆಳ ಎಡಭಾಗದಲ್ಲಿ ಉಳಿ ಎಳೆದ ಸಣ್ಣ ಗೀರು, ಸುತ್ತಲಿನ ಬಣ್ಣಕ್ಕೆ ಹೊಂದದ ಹೊಳಪು ಕಾಣುತ್ತದೆ. ಈ ಒಂದು ನಾಣ್ಯವನ್ನು ಪರಿಣತರಿಂದ ಪರೀಕ್ಷೆಯಾಗದೆ ಕೊಳ್ಳಲೇಬಾರದು.

ಅಂಚನ್ನೂ ಪೂರ್ತಿ ತಿರುಗಿಸಿ ನೋಡಿ. ನಮ್ಮ ಕಡೆಯ ಬೆಳ್ಳಿ ರೂಪಾಯಿಗಳು ಎಷ್ಟೋ ಕಾಸಿನ ಸರದಲ್ಲಿ, ಲಂಬಾಣಿ ಒಡವೆಗಳಲ್ಲಿ ಇದ್ದು ಬಂದವು. ವಿಕ್ಟೋರಿಯಾ ರಾಣಿಯ ಕಿರೀಟದ ನೇರಕ್ಕೆ, ಅಂಚಿನ ಸಾಲುಗೆರೆ ಒಂದು ಕಡೆ ಅಳಿಸಿ ನುಣ್ಣಗಾಗಿದ್ದರೆ ಅಲ್ಲಿ ಕೊಕ್ಕೆ ಬೆಸೆದಿತ್ತು ಎಂದರ್ಥ. ಅಂಥ ನಾಣ್ಯಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡಬೇಡಿ.

ಕರ್ನಾಟಕದ ನಾಣ್ಯಗಳ ಮೇಜುಗಳಿಗಾಗಿಯೇ ಈ ಮೇಳಕ್ಕೆ ಹೋಗಬಹುದು. ಹೊಯ್ಸಳ ದೊರೆ ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ ಹಳಗನ್ನಡ ಲಿಪಿಯಲ್ಲಿ "ಶ್ರೀ ತಲಕಾಡುಗೊಂಡ" ಎಂದು ಓದುವುದು, ಹೈದರಾಲಿಯ ವರಹ ಎಂಬ ಚಿನ್ನದ ನಾಣ್ಯದಲ್ಲಿ ಒಂದು ಬದಿ ಶಿವಪಾರ್ವತಿ, ಇನ್ನೊಂದು ಬದಿ ಅವನ ಹೆಸರಿನ ಪಾರ್ಸಿ ಅಕ್ಷರವೊಂದನ್ನೇ ನೋಡುವುದು ಪುಸ್ತಕದಲ್ಲಿ ಸಿಗುವ ಸುಖವಲ್ಲ. ವರಹ ಸುಮಾರು 3.4 ಗ್ರಾಂ ತೂಗಬೇಕು. ಕಂಠೀರವ ಹಣ ಎಂಬ ಚಿನ್ನದ ನಾಣ್ಯ ತೊಗರಿಬೇಳೆಯಷ್ಟು ಚಿಕ್ಕದು, ಅರ್ಧ ಗ್ರಾಮೂ ಇಲ್ಲ. ಈ ಗಾತ್ರದಲ್ಲಿ ತೂಕ ನೋಡಿ ನಕಲಿ ಹಿಡಿಯುವುದು ಕಷ್ಟ. ಚಿನ್ನ ಅಸಲಿಯಾಗಿದ್ದೂ ಅಚ್ಚು ಇತ್ತೀಚಿನದಾಗಿರಬಹುದು. ಆದ್ದರಿಂದ ಚಿನ್ನಕ್ಕೆ ಬಿಲ್ಲು, ವರ್ತಕರ ಸಹಿ, ನಕಲಿಯಾದರೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂಬ ಬರಹ ಮೂರೂ ಬೇಕು.

ಹೊಸಬರಿಗೆ ಚಿನ್ನಕ್ಕಿಂತ ಒಳ್ಳೆಯ ಆರಂಭ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸು. ಒಂದು ಬದಿ ಆನೆ ಅಥವಾ ಸಿಂಹ. ಇಪ್ಪತ್ತು ಕಾಸಿನ ನಾಣ್ಯದ ಇನ್ನೊಂದು ಬದಿ ಕನ್ನಡದಲ್ಲಿ "ಮಯಿಲಿ ಕಾಸು" ಎಂದು ಬರಹ, ಜೊತೆಗೆ ಇಂಗ್ಲಿಷ್ ಅಕ್ಷರ. ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು, ಹೊಡೆದದ್ದು ಕೈಯಲ್ಲಿ. ಹಾಗಾಗಿ ಬಹುತೇಕ ನಾಣ್ಯಗಳಲ್ಲಿ ಬರಹದ ಒಂದು ಬದಿ ಹೊರಗೇ ಉಳಿದಿರುತ್ತದೆ. "ಮಯಿಲಿ" ಪೂರ್ತಿ ಇದ್ದರೆ "ಕಾಸು" ಅರ್ಧ. ಎರಡೂ ಪೂರ್ತಿ ಬಿದ್ದಿರುವ ಒಂದನ್ನು ಹುಡುಕಲು ಡಬ್ಬಿಯನ್ನೇ ಬರಿದು ಮಾಡಬೇಕಾದೀತು, ಆದರೂ ಹುಡುಕಿ.

ಟಿಪ್ಪುವಿನ ಆನೆ ಪೈಸೆಯ ಎರಕದ ನಕಲಿಗಳು ಪ್ರವಾಸಿ ತಾಣಗಳಿಂದ ಮೇಳಕ್ಕೂ ಬಂದು ಸೇರುತ್ತವೆ. ಮೈಯಲ್ಲಿ ಗುಳ್ಳೆ ಒಡೆದಂಥ ಸಣ್ಣ ತೂತು, ಅಂಚಿನ ಸುತ್ತ ಜೋಡಣೆಯ ಗೆರೆ ಕಂಡರೆ ಅದು ಎರಕ, ಅಸಲಿ ಅಚ್ಚೊತ್ತಿದ್ದು. ಇಸವಿ ಮಾತ್ರ ನೋಡಿ ಗಾಬರಿಯಾಗಬೇಡಿ. ಟಿಪ್ಪು ಜಾರಿಗೆ ತಂದ ಮೌಲೂದಿ ಎಂಬ ವರ್ಷಗಣನೆಯ 1215ರಿಂದ ಅಂಕಿಗಳು ಬಲದಿಂದ ಎಡಕ್ಕೆ ಓಡುತ್ತವೆ, 1215 ಎಂಬುದು 5121ರಂತೆ ಕಾಣುತ್ತದೆ. ಅದು ತಪ್ಪಲ್ಲ.

ಇನ್ನು ಮೋಸದ ಮಾಲು. ರಾಮ, ಹನುಮಂತ, ಲಕ್ಷ್ಮಿಯ ಚಿತ್ರವಿದ್ದು ಹಿಂದೆ ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧ ಆಣೆ ಎಂದು ಇರುವ ದೊಡ್ಡ ತಾಮ್ರದ ಬಿಲ್ಲೆಗಳನ್ನು ಕಂಪನಿ ಎಂದೂ ಹೊರಡಿಸಿರಲಿಲ್ಲ. 1616, 1717 ಎಂದೂ ಇಸವಿ ಹಾಕಿ ಮಾಡುತ್ತಾರೆ. ಅವು ಅಕ್ಕಿ ಕಾಳನ್ನು ತಮ್ಮತ್ತ ಸೆಳೆಯುತ್ತವೆ, ಅವಕ್ಕೆ ಶಕ್ತಿ ಇದೆ ಎಂಬ ಮಾತು ಬೇರೆ. ಇಂಥದನ್ನು ಮೇಜಿನ ಮೇಲೆ ಅಸಲಿ ಎಂದು ಇಟ್ಟವರ ಬಳಿ ಬೇರೆ ಏನನ್ನೂ ಕೊಳ್ಳಬಾರದು. ವೈಷ್ಣೋದೇವಿ ಚಿತ್ರದ 2012ರ ಐದು ರೂಪಾಯಿಗೆ ಲಕ್ಷ ಸಿಗುತ್ತದೆ ಎಂದು ಫೋನಿನಲ್ಲಿ ನಂಬಿಸಿ ಮುಂಗಡ ಕಟ್ಟಿಸಿಕೊಳ್ಳುವವರಿದ್ದಾರೆ. ಅಂಥ ವಂಚನೆಯ ಬಗ್ಗೆ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು. ಮೇಳದಲ್ಲಿ ಒಂದು ಸುತ್ತು ಹಾಕಿದರೆ ಆ ನಾಣ್ಯದ ನಿಜವಾದ ಬೆಲೆ ತಿಳಿಯುತ್ತದೆ.

ನೋಟುಗಳನ್ನು ಓರೆ ಬೆಳಕಿನಲ್ಲಿ ನೋಡಿ. ತೊಳೆದು ಇಸ್ತ್ರಿ ಮಾಡಿದ ನೋಟಿನಲ್ಲಿ ಮಡಿಕೆಯ ಗುರುತು ಹಾಗೇ ಇರುತ್ತದೆ, ಮುದ್ರಣದ ಉಬ್ಬು ಮಾತ್ರ ಬೆರಳಿಗೆ ಸಿಗುವುದಿಲ್ಲ. ಬಳಕೆಯಾಗದೆ ಹೊಸದಾಗಿಯೇ ಉಳಿದ ಹಳೆಯ ನೋಟಿನಲ್ಲಿ ಪಿನ್ನಿನ ತೂತು ಇದ್ದರೆ ಬೇಡ ಎನ್ನಬೇಡಿ. ಬ್ಯಾಂಕುಗಳು ಕಟ್ಟಿಗೆ ಪಿನ್ ಹೊಡೆಯಬಾರದು ಎಂಬ ನಿಯಮ ಬಂದದ್ದೇ 2001ರಲ್ಲಿ. ಅಂಚೆಚೀಟಿ ವಿಭಾಗಕ್ಕೆ ಚಿಮಟ ಒಯ್ದರೆ ಸಾಕು.

ಮೇಳದ ಜೊತೆ ಹರಾಜು ಇದ್ದರೆ ಕೂಗುವ ಮೊದಲು ನಿಯಮದ ಹಾಳೆ ಓದಿ. ಕೂಗಿದ ಮೊತ್ತದ ಮೇಲೆ ಹರಾಜು ಮಾಡುವವರ ಪಾಲು, ಅದರ ಮೇಲೆ ತೆರಿಗೆ ಇರುತ್ತದೆ. ಪಾಲು ಶೇ. 15 ಎಂದಿದ್ದರೆ 10,000ಕ್ಕೆ ಕೂಗಿದ್ದು ತೆರಿಗೆಗೆ ಮೊದಲೇ 11,500.

ಮಾರುವವರಿಗೆ ಒಂದು ಲೆಕ್ಕ. 1939ರವರೆಗಿನ ರೂಪಾಯಿಯಲ್ಲಿ ಅಪ್ಪಟ ಬೆಳ್ಳಿ ಸುಮಾರು 10.7 ಗ್ರಾಂ, 1940ರಿಂದ ಮುಂದಿನ ಬೆಳ್ಳಿ ರೂಪಾಯಿಯಲ್ಲಿ 5.8. ಅಂದಿನ ದರಕ್ಕೆ ಗುಣಿಸಿಕೊಂಡು ಹೋಗಿ, ಅದಕ್ಕಿಂತ ಕಡಿಮೆಗೆ ಕೇಳಿದರೆ ಮುಂದಿನ ಮೇಜಿಗೆ ನಡೆಯಿರಿ. ಮತ್ತೆ, ಮೇಳಕ್ಕೆ ಒಯ್ಯುವ ಮುಂಚೆ ದಯವಿಟ್ಟು ಹುಣಸೆಹಣ್ಣು, ಸಬೀನಾ ಹಾಕಿ ತಿಕ್ಕಬೇಡಿ. ನೂರು ವರ್ಷ ಕೂತ ಕಂದು ಬಣ್ಣಕ್ಕೇ ಬೆಲೆ. ಥಳಥಳ ಹೊಳೆಯುವ ತಾಮ್ರವನ್ನು ಯಾರೂ ಮುಟ್ಟುವುದಿಲ್ಲ, ಅದನ್ನು ಮೊದಲಿನಂತೆ ಮಾಡಲೂ ಆಗುವುದಿಲ್ಲ.

ಕೊಂಡದ್ದನ್ನು ಮೆತ್ತನೆಯ ಪಿವಿಸಿ ಚೀಲದಲ್ಲೇ ಬಿಟ್ಟರೆ ಕೆಲವು ವರ್ಷಕ್ಕೆ ಹಸಿರು ಜಿಗುಟು ಹಿಡಿಯುತ್ತದೆ. ಮೇಳದಲ್ಲೇ ಸಿಗುವ ನಾಣ್ಯ ಇಡುವ ಎರಡು ಅಂಗುಲದ ರಟ್ಟಿನ ಚೌಕ, ಅದರಲ್ಲೂ ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯದನ್ನು ಕೇಳಿ ತನ್ನಿ. ಪಿನ್ನು ಹೊಡೆದ ಮೇಲೆ ಇಕ್ಕಳದಿಂದ ಅದರ ಕಾಲು ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯ ಗೀಚುತ್ತದೆ.

ಹೊರದೇಶದಿಂದ ಊರಿಗೆ ಬಂದು ಮೇಳ ನೋಡುವ ಕನ್ನಡಿಗರೂ ಇದ್ದಾರೆ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ದೇಶದಿಂದ ಹೊರಗೆ ಹೋಗುವಂತಿಲ್ಲ, ಬಿಲ್ಲು ಇದ್ದರೂ ಅಷ್ಟೇ. ವಿಕ್ಟೋರಿಯಾ ರೂಪಾಯಿಯನ್ನು ಊರಿನ ಮನೆಯಲ್ಲೇ ಇಟ್ಟುಹೋಗಿ.