ಬಿಸಿ-ತಂಪು ಇನ್ವರ್ಟರ್ ಎಸಿ: ನಾಲ್ಕು ವರ್ಷ ಓಡಿಸಿದ ಮೇಲೆ

ತಂಪು, ಬಿಸಿ ಎರಡನ್ನೂ ಕೊಡುವ ಒಂದೂವರೆ ಟನ್ನಿನ ಇನ್ವರ್ಟರ್ (ಅಂದರೆ ಕಂಪ್ರೆಸರಿನ ವೇಗವನ್ನು ಬೇಕಾದಂತೆ ಏರಿಳಿಸುವ) ಸ್ಪ್ಲಿಟ್ ಎಸಿಯನ್ನು ನಾಲ್ಕು ಬೇಸಿಗೆ, ನಾಲ್ಕು ಮಳೆಗಾಲ, ನಾಲ್ಕು ಚಳಿಗಾಲ ಓಡಿಸಿದ ಮೇಲಿನ ವಿಮರ್ಶೆ ಇದು. ಕೋಣೆ 150 ಚದರ ಅಡಿ, ಮೇಲೆ ನೇರವಾಗಿ ತಾರಸಿ. ಮೊದಲ ತಿಂಗಳಲ್ಲಿ ಬರೆಯುವ ವಿಮರ್ಶೆಗಳು ಸಾಮಾನ್ಯವಾಗಿ ‘ಸೂಪರ್ ಕೂಲಿಂಗ್’ ಎಂಬಲ್ಲಿಗೆ ನಿಂತುಬಿಡುತ್ತವೆ. ಹೊಸ ಎಸಿ ತಂಪು ಮಾಡದೆ ಇನ್ನೇನು ಮಾಡೀತು? ಅದರ ಹಣೆಬರಹ ಗೊತ್ತಾಗುವುದು ಋತು ತಿರುಗುವಾಗ: ನಿನ್ನೆ ಸರಿಯಿದ್ದ ಸೆಟ್ಟಿಂಗು ಇವತ್ತು ಮೈಗೆ ಒಗ್ಗದಿದ್ದಾಗ. ಬ್ರ್ಯಾಂಡಿನ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿನ ಬಹುಪಾಲು ಮಾತು ಈ ಬಗೆಯ ಎಲ್ಲ ಯಂತ್ರಗಳಿಗೂ ಸಲ್ಲುತ್ತದೆ.

ಮೊದಲಿಗೆ ಒಂದು ವಿಷಯ. ರಿಮೋಟಿನಲ್ಲಿ ಕಾಣುವ ಅಂಕಿ ಕೋಣೆಯ ತಾಪಮಾನವಲ್ಲ. ಸೆನ್ಸರ್ ಇರುವುದು ಇಂಡೋರ್ ಯೂನಿಟ್ಟಿನ ಒಳಗೆ, ಗಾಳಿ ಎಳೆದುಕೊಳ್ಳುವ ಜಾಲಿಯ ಹಿಂದೆ, ನೆಲದಿಂದ ಏಳೆಂಟು ಅಡಿ ಮೇಲೆ. ಬೇಸಿಗೆಯಲ್ಲಿ ಇದರಿಂದ ದೊಡ್ಡ ತೊಂದರೆಯಿಲ್ಲ. ತಂಪು ಗಾಳಿ ತಾನಾಗಿ ಕೆಳಗಿಳಿಯುತ್ತದೆ. ಚಳಿಗಾಲದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಬಿಸಿ ಗಾಳಿ ಸೂರಿನ ಕೆಳಗೆ ಕೂತುಬಿಡುತ್ತದೆ, ಸೆನ್ಸರಿಗೆ 22 ಡಿಗ್ರಿ ಕಾಣುತ್ತದೆ, ಕಂಪ್ರೆಸರ್ ನಿಧಾನಿಸುತ್ತದೆ, ಕುರ್ಚಿಯಲ್ಲಿ ಕೂತವರ ಮೊಣಕಾಲ ಮಟ್ಟದಲ್ಲಿ ಇನ್ನೂ 19 ಇರುತ್ತದೆ. ‘ಹೀಟಿಂಗ್ ಬರ್ತಿಲ್ಲ’ ಎಂಬ ದೂರಿನ ಬಹುಪಾಲು ಇದೇ. ಮಂಚದ ಎತ್ತರದಲ್ಲಿ ಒಂದು ಸಾದಾ ಡಿಜಿಟಲ್ ಥರ್ಮಾಮೀಟರ್ ಇಡಿ, ಆರ್ದ್ರತೆಯನ್ನೂ ತೋರಿಸುವಂಥದ್ದು. ಇಡೀ ಏರ್ಪಾಡಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ವಸ್ತು ಎಸಿಯಲ್ಲ, ಅದು.

ಪರಿಹಾರ ಸುಲಭ. ಹೀಟ್ ಮೋಡಿನಲ್ಲಿ ಗಾಳಿ ತಿರುಗಿಸುವ ಪಟ್ಟಿಯನ್ನು ಆದಷ್ಟು ಕೆಳಮುಖ ಮಾಡಬೇಕು, ಫ್ಯಾನ್ ವೇಗವನ್ನು ಆಟೋದಲ್ಲಿ ಬಿಡದೆ ಮಧ್ಯಮಕ್ಕೋ ಅದಕ್ಕಿಂತ ಹೆಚ್ಚಿಗೋ ಇಡಬೇಕು. ಕೂಲ್ ಮೋಡಿನಲ್ಲಿ ಇದರ ಉಲ್ಟಾ: ಪಟ್ಟಿ ಅಡ್ಡಕ್ಕೆ, ಗಾಳಿ ಸೂರಿನ ಗುಂಟ ಹೋಗಿ ಎದುರು ಗೋಡೆಯ ಬಳಿ ಇಳಿಯಲಿ, ಮೈಮೇಲೆ ನೇರ ಬೀಳುವುದು ಬೇಡ. ರಿಮೋಟಿನಲ್ಲೇ ಸೆನ್ಸರ್ ಇರುವ ಮಾದರಿಗಳಲ್ಲಿ ಆ ಗುಂಡಿ ಒತ್ತಿದರೆ ಯಂತ್ರ ರಿಮೋಟ್ ಇರುವ ಜಾಗದ ತಾಪಮಾನವನ್ನು ನೋಡಿಕೊಂಡು ನಡೆಯುತ್ತದೆ. ಚಳಿಗಾಲಕ್ಕೆ ಇದು ದೊಡ್ಡ ವರ. ಆದರೆ ರಿಮೋಟನ್ನು ದಿಂಬಿನಡಿ ಇಟ್ಟು ಮಲಗಿದರೆ ಅದು ದಿಂಬಿನಡಿಯ ಬಿಸಿಯನ್ನೇ ಕೋಣೆಯದೆಂದು ನಂಬುತ್ತದೆ.

ಬಿಸಿಯ ವಿಷಯದಲ್ಲಿ ಈ ಯಂತ್ರ ನಿರೀಕ್ಷೆ ಮೀರಿದೆ. 2 ಕಿಲೋವ್ಯಾಟಿನ ಕಾಯಿಲ್ ಹೀಟರ್ ಎಷ್ಟು ವಿದ್ಯುತ್ ತಿನ್ನುತ್ತದೋ ಅಷ್ಟೇ ಶಾಖ ಕೊಡುತ್ತದೆ, ಒಂದಕ್ಕೆ ಒಂದು. ಇಲ್ಲಿ ಔಟ್‌ಡೋರ್ ಯೂನಿಟ್ಟಿನೊಳಗಿನ ನಾಲ್ಕು ದಾರಿಯ ವಾಲ್ವ್, ಶಾಖ ಹೊತ್ತೊಯ್ಯುವ ಗ್ಯಾಸಿನ ಹರಿವನ್ನು ತಿರುಗಿಸುತ್ತದೆ. ಹೊರಗಿನ ಗಾಳಿಯಲ್ಲಿರುವ ಶಾಖವನ್ನೇ ಹೀರಿ ಒಳಕ್ಕೆ ತರುವುದರಿಂದ, ಹೊರಗೆ 7 ಡಿಗ್ರಿ ಇರುವಾಗ ಒಂದು ಯೂನಿಟ್ ವಿದ್ಯುತ್ತಿಗೆ ಮೂರೂವರೆಯಷ್ಟು ಶಾಖ ಸಿಗುತ್ತದೆ. ಈ 7 ಡಿಗ್ರಿಯನ್ನು ನೆನಪಿಡಿ: ಲೇಬಲ್ಲಿನ ಮೇಲಿರುವ ಹೀಟಿಂಗ್ ಸಾಮರ್ಥ್ಯವನ್ನು ಅಳೆಯುವುದು ಆ ತಾಪಮಾನದಲ್ಲಿ, ಕೂಲಿಂಗಿನದನ್ನು ಹೊರಗೆ 35 ಇರುವಾಗ. ಅಲ್ಲಿಂದ ಕೆಳಗಿಳಿದಂತೆ ಶಾಖ ಬೇಕಾಗುವುದು ಹೆಚ್ಚುತ್ತದೆ, ಯಂತ್ರ ಕೊಡುವುದು ಕಡಿಮೆಯಾಗುತ್ತದೆ. ಸೊನ್ನೆಗಿಂತ ಕೆಳಕ್ಕೆ ಹೋಗುವ ಊರಾದರೆ ಮೈನಸ್ ತಾಪಮಾನದಲ್ಲಿ ಎಷ್ಟು ಕಿಲೋವ್ಯಾಟ್ ಬರುತ್ತದೆಂದು ಡೇಟಾ ಶೀಟಿನಲ್ಲಿ ನೋಡದೆ ಕೊಳ್ಳಬೇಡಿ.

ಡಿಫ್ರಾಸ್ಟ್ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಹೊರಗೆ 5 ಡಿಗ್ರಿಯ ಆಸುಪಾಸು, ಜತೆಗೆ ಮಂಜು ಅಥವಾ ತೇವ ಇದ್ದರೆ ಔಟ್‌ಡೋರ್ ಕಾಯಿಲಿನ (ಗ್ಯಾಸ್ ಹರಿಯುವ ಸುರುಳಿ ಕೊಳವೆಯ) ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಕೆಲಹೊತ್ತು ತಾನಾಗಿ ಕೂಲಿಂಗಿಗೆ ತಿರುಗುತ್ತದೆ. ಒಳಗಿನ ಫ್ಯಾನ್ ನಿಲ್ಲುತ್ತದೆ, ಟಕ್ಕೆಂದು ವಾಲ್ವ್ ಹೊರಳುತ್ತದೆ, ಸುಯ್ ಎಂಬ ಸದ್ದು, ಹೊರಗಿನ ಯೂನಿಟ್ಟಿನಿಂದ ಹೊಗೆಯಂಥ ಆವಿ. 5ರಿಂದ 10 ನಿಮಿಷದಲ್ಲಿ ಮುಗಿಯುತ್ತದೆ. ಸುಟ್ಟುಹೋಯಿತೆಂದು ಗಾಬರಿಯಾಗಿ ಆಫ್ ಮಾಡಿದರೆ ಹಿಮ ಅರ್ಧಂಬರ್ಧ ಕರಗಿ ಮತ್ತೆ ಗಡ್ಡೆ ಕಟ್ಟುತ್ತದೆ, ಸುಮ್ಮನೆ ಬಿಡಬೇಕು. ಕರಗಿದ ನೀರು ಹರಿದುಹೋಗಲು ದಾರಿ ಬೇಕು, ಆದ್ದರಿಂದ ಯೂನಿಟ್ಟನ್ನು ನೆಲಕ್ಕೆ ಅಂಟಿಸದೆ ಕನಿಷ್ಠ 10 ಸೆಂಟಿಮೀಟರ್ ಎತ್ತರಿಸಿ ಕೂರಿಸಬೇಕು. ಪದೇ ಪದೇ, ಅಂದರೆ ಅರ್ಧ ಗಂಟೆಗೊಮ್ಮೆ ಡಿಫ್ರಾಸ್ಟ್ ಆಗುತ್ತಿದ್ದರೆ ಕಾಯಿಲಿನಲ್ಲಿ ಕೊಳೆ ತುಂಬಿದೆ ಅಥವಾ ಗ್ಯಾಸ್ ಕಡಿಮೆಯಾಗಿದೆ ಎಂಬ ಅನುಮಾನ ಪಡಿ.

ಬಿಸಿ ಮಾಡಿದಾಗ ಗಾಳಿ ಒಣಗುತ್ತದೆ ಎನ್ನುತ್ತಾರೆ. ಯಂತ್ರ ತೇವ ಕದಿಯುವುದಿಲ್ಲ, ಇದು ಬರೀ ಲೆಕ್ಕ. 5 ಡಿಗ್ರಿಯಲ್ಲಿ 80 ಪ್ರತಿಶತ ಆರ್ದ್ರತೆಯಿದ್ದ ಹೊರಗಾಳಿಯನ್ನು ಒಳಗೆ 22ಕ್ಕೆ ಬಿಸಿ ಮಾಡಿದರೆ, ನೀರಿನ ಅಂಶ ಅಷ್ಟೇ ಇದ್ದರೂ ಆರ್ದ್ರತೆ ಸುಮಾರು 26ಕ್ಕೆ ಇಳಿಯುತ್ತದೆ. ಗಂಟಲು ಒಣಗುವುದು ಅದಕ್ಕೇ. 20 ಡಿಗ್ರಿಗೆ ಇಟ್ಟು ಮೈಮೇಲೊಂದು ಸ್ವೆಟರ್ ಹಾಕಿಕೊಂಡರೆ ಸಮಸ್ಯೆ ಸ್ವಲ್ಪ ತಗ್ಗುತ್ತದೆ.

ಬೇಸಿಗೆಗೆ ಬಂದರೆ, ಟನ್ನೇಜ್ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ಮೊದಲು ಬಿಡಬೇಕು. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ. ಇನ್ವರ್ಟರ್ ಕಂಪ್ರೆಸರ್ ವೇಗ ಇಳಿಸಬಲ್ಲದು ನಿಜ, ಆದರೆ ಅದಕ್ಕೂ ಒಂದು ಕೆಳಮಿತಿಯಿದೆ. ಕೋಣೆಗೆ ಬೇಕಾದ್ದು ಆ ಮಿತಿಗಿಂತ ಕಡಿಮೆಯಾದರೆ ಆನ್-ಆಫ್ ಆಟ ಶುರುವಾಗುತ್ತದೆ. ಬೇಗ ತಂಪಾಗುತ್ತದೆ, ಬೇಗ ನಿಲ್ಲುತ್ತದೆ, ತೇವ ಇಳಿಯಲು ಪುರುಸೊತ್ತೇ ಸಿಗುವುದಿಲ್ಲ. 24 ಡಿಗ್ರಿಯಿದ್ದರೂ ಮೈ ಅಂಟಂಟು. ತಾರಸಿಯ ಕೆಳಗಿನ ಕೋಣೆಯ ಕಥೆ ಬೇರೆ: ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತಾದರೂ ಕೆಳಕ್ಕೆ ಧಗೆ ಉಗುಳುತ್ತಿರುತ್ತದೆ. ಗಾಳಿ 24ರಲ್ಲಿದ್ದರೂ ತಲೆಯ ಮೇಲಿನ ಸೂರು ಕಾದಿದ್ದರೆ ಮೈಗೆ ಬಿಸಿಯೇ. ಆಗ 20ಕ್ಕೆ ಇಳಿಸುವುದು ವ್ಯರ್ಥ. ತಾರಸಿಗೆ ಬಿಳಿ ಲೇಪನ ಬಳಿಯುವುದು, ಪಡುವಣದ ಕಿಟಕಿಗೆ ಹೊರಗಿನಿಂದ ಚಪ್ಪರವೋ ಚಾಪೆಯೋ ಕಟ್ಟುವುದು ಹೆಚ್ಚು ಕೆಲಸ ಮಾಡುತ್ತದೆ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಎಳೆಯುವುದೆಂದರೆ ಕಳ್ಳ ಒಳಗೆ ಬಂದ ಮೇಲೆ ಚಿಲಕ ಹಾಕಿದ ಹಾಗೆ.

26 ಡಿಗ್ರಿಗೆ ಇಟ್ಟು ಸೀಲಿಂಗ್ ಫ್ಯಾನನ್ನು ನಿಧಾನಕ್ಕೆ ಬಿಟ್ಟರೆ ಮೈಗೆ 24ರ ಹಿತ ಸಿಗುತ್ತದೆ. ಹಾಗೆಯೇ ಬಾಗಿಲ ಕೆಳಗಿನ ಸಂದು. 90 ಸೆಂಟಿಮೀಟರ್ ಅಗಲದ ಬಾಗಿಲ ಕೆಳಗೆ 1 ಸೆಂಟಿಮೀಟರ್ ಸಂದಿದ್ದರೆ, ಗೋಡೆಯಲ್ಲಿ ಅಂಗೈಯಷ್ಟು ತೂತು ಕೊರೆದಂತೆ. ಒಂದು ರಬ್ಬರ್ ಪಟ್ಟಿ ಸಾಕು. ಪೂರ್ತಿ ಮುಚ್ಚಿದ ಮೇಲೆ ಇನ್ನೊಂದು ಎಚ್ಚರ: ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಇದ್ದ ಗಾಳಿಯನ್ನೇ ತಿರುಗಿಸುತ್ತದೆ. ಎರಡು ಮೂರು ಗಂಟೆಗೊಮ್ಮೆ ಐದು ನಿಮಿಷ ಕಿಟಕಿ ತೆರೆಯಬೇಕು.

ಮಳೆಗಾಲದಲ್ಲಿ ಈ ಯಂತ್ರಕ್ಕೆ ಪೂರ್ಣ ಅಂಕ ಕೊಡಲಾರೆ. ಹೊರಗೆ 28-30 ಡಿಗ್ರಿಯಿದ್ದು ಸೆಖೆಯಾಗುತ್ತಿದ್ದರೆ ಡ್ರೈ ಮೋಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಫ್ಯಾನ್ ನಿಧಾನವಾಗಿ ತಿರುಗುವುದರಿಂದ ಕಾಯಿಲಿನ ಮೇಲೆ ತೇವ ಚೆನ್ನಾಗಿ ಸಾಂದ್ರವಾಗುತ್ತದೆ. ಜಡಿಮಳೆ ಹಿಡಿದು ತಾಪಮಾನ 22-23ಕ್ಕೆ ಇಳಿದರೆ ಅದೇ ಮೋಡ್ ಥಂಡಿ ಹಿಡಿಸುತ್ತದೆ, ಏಕೆಂದರೆ ತೇವ ತೆಗೆಯಬೇಕಾದರೆ ಅದು ತಂಪು ಮಾಡಲೇಬೇಕು. ಅಂಥ ವಾರಗಳಿಗೆ ಪ್ರತ್ಯೇಕ ಡಿಹ್ಯುಮಿಡಿಫೈಯರ್ರೇ ಸರಿ. ಆರ್ದ್ರತೆ 60ರ ಕೆಳಗಿದ್ದರೆ ಗೋಡೆಯ ಮೂಲೆಯಲ್ಲಿ ಸಾಮಾನ್ಯವಾಗಿ ಬೂಷ್ಟು ಹಿಡಿಯುವುದಿಲ್ಲ.

ಮುಗ್ಗಲು ವಾಸನೆ ಬರುವುದೂ ಇದೇ ಕಾಲದಲ್ಲಿ. ಒದ್ದೆ ಕಾಯಿಲನ್ನು ಕತ್ತಲಲ್ಲಿ ಹಾಗೇ ಬಿಟ್ಟರೆ ಗಾಳಿ ಊದುವ ಬ್ಲೋವರ್ ಉರುಳೆಯ ಎಲೆಗಳ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಆಫ್ ಮಾಡುವ ಮೊದಲು 20-30 ನಿಮಿಷ ಬರೀ ಫ್ಯಾನ್ ಮೋಡಿನಲ್ಲಿ ಓಡಿಸಿ ಒಣಗಿಸಬೇಕು. ‘ಸೆಲ್ಫ್ ಕ್ಲೀನ್’ ಗುಂಡಿಯ ಮೇಲೆ ಹೆಚ್ಚು ಭರವಸೆ ಬೇಡ. ಅದು ಕಾಯಿಲನ್ನು ತೊಳೆದು ಒಣಗಿಸೀತು, ಉರುಳೆಗೆ ಅಂಟಿದ ಬೂಷ್ಟನ್ನು ಉಜ್ಜುವುದಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಬೇಕು.

ಒಳಗೆ ನೀರು ತೊಟ್ಟಿಕ್ಕಿದರೆ ನೂರಕ್ಕೆ ತೊಂಬತ್ತು ಪಾಲು ಡ್ರೈನ್ ಪೈಪಿನದೇ ತಪ್ಪು. ಸೆಖೆಯ ದಿನ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರು ಬರಬಹುದು. ಪೈಪಿಗೆ ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್ ವಾಟ ಇರಬೇಕು, ನಡುವೆ ಎಲ್ಲೂ ಹೊಟ್ಟೆ ಬಿಟ್ಟು ಜೋತಿರಬಾರದು, ತುದಿ ಬಕೆಟ್ಟಿನ ನೀರಲ್ಲಿ ಮುಳುಗಿರಬಾರದು. ಮುಳುಗಿದರೆ ಗಾಳಿ ಸಿಕ್ಕಿಕೊಂಡು ನೀರು ಹಿಂದಕ್ಕೆ ನಿಲ್ಲುತ್ತದೆ. ಒಳಗೆ ಲೋಳೆ ಕಟ್ಟಿದ್ದರೆ ಹೊರ ತುದಿಯಿಂದ ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆದರೆ ಸಾಕು. ಬ್ಲೀಚ್ ಹಾಕಬೇಡಿ, ಅಲ್ಯುಮಿನಿಯಂ ರೆಕ್ಕೆಗಳನ್ನು ತಿಂದುಬಿಡುತ್ತದೆ.

ಋತು ಸಂಧಿಯಲ್ಲಿ, ಹಗಲು ಬಿಸಿಲು, ರಾತ್ರಿ ಚಳಿ ಎಂಬ ಆ ಕೆಲವು ವಾರಗಳಲ್ಲಿ, ಆಟೋ ಮೋಡನ್ನು ಮುಟ್ಟಲೇಬೇಡಿ. ಮಧ್ಯಾಹ್ನ ತಂಪು ಮಾಡಿ, ಸಂಜೆ ಬಿಸಿ ಮಾಡಿ, ತಾನೇ ಮಾಡಿದ್ದನ್ನು ತಾನೇ ಅಳಿಸುತ್ತದೆ. ಆ ವಾರಗಳಲ್ಲಿ ಎಸಿಯೇ ಬೇಡ: ರಾತ್ರಿ ಎದುರು ಬದುರು ಕಿಟಕಿ ತೆರೆದು ಗೋಡೆ ತಣಿಯಲು ಬಿಟ್ಟು, ಬಿಸಿಲೇರುವ ಮೊದಲು ಮುಚ್ಚಿದರೆ ಮಧ್ಯಾಹ್ನದವರೆಗೆ ಆ ತಂಪು ಉಳಿಯುತ್ತದೆ.

ಜೋಡಣೆಯಲ್ಲಿ ಆದ ತಪ್ಪು ಎರಡನೇ ವರ್ಷ ತಲೆಯೆತ್ತುತ್ತದೆ. ತಾಮ್ರದ ಪೈಪುಗಳನ್ನು ಯೂನಿಟ್ಟಿಗೆ ಜೋಡಿಸುವ ಫ್ಲೇರ್ ನಟ್ಟುಗಳನ್ನು ಕೈ ಅಂದಾಜಿನಲ್ಲಿ ಬಿಗಿಯುವವರೇ ಹೆಚ್ಚು. ಕಾಲಿಂಚಿನ ನಟ್ಟಿಗೆ 14ರಿಂದ 18 ನ್ಯೂಟನ್-ಮೀಟರ್ ಸಾಕು. ಹೆಚ್ಚಾದರೆ ತಾಮ್ರದ ಅಂಚು ಸೀಳುತ್ತದೆ, ಕಡಿಮೆಯಾದರೆ ಸೋರುತ್ತದೆ. ಪೈಪಿನೊಳಗಿನ ಗಾಳಿಯನ್ನು ವ್ಯಾಕ್ಯೂಮ್ ಪಂಪಿನಿಂದ 500 ಮೈಕ್ರಾನಿಗಿಂತ (ಇಲ್ಲಿ ಇದು ಒತ್ತಡದ ಅಳತೆ) ಕೆಳಕ್ಕೆ ತಂದು, ಹತ್ತು ನಿಮಿಷ ನಿಲ್ಲುತ್ತದೆಯೇ ನೋಡಬೇಕು. ಪಂಪ್ ತರದೆ ಯಂತ್ರದ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿ ತಳ್ಳುವವರನ್ನು ಅಲ್ಲೇ ತಡೆಯಿರಿ. ಉಳಿದ ತೇವ ಕಂಪ್ರೆಸರಿನ ಎಣ್ಣೆಯನ್ನು ಆಮ್ಲ ಮಾಡುತ್ತದೆ.

‘ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು’ ಎಂಬುದು ಶುದ್ಧ ಸುಳ್ಳು. ಇದು ಮುಚ್ಚಿದ ಸರ್ಕ್ಯೂಟ್, ಗ್ಯಾಸ್ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಸೋರಿದೆ ಎಂದರ್ಥ. ಮೊದಲು ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚಿ ತೂತು ಹುಡುಕಲಿ, ಆಮೇಲೆ ಲೇಬಲ್ಲಿನಲ್ಲಿ ಬರೆದಷ್ಟು ಗ್ರಾಮನ್ನು ತೂಕದ ಯಂತ್ರದಲ್ಲಿಟ್ಟು ತುಂಬಲಿ. ಎಸಿಗಳಲ್ಲಿ ತುಂಬುವ ಆರ್-32 ಎಂಬ ಗ್ಯಾಸಿಗೆ ಸಣ್ಣ ಮಟ್ಟಿಗೆ ಬೆಂಕಿ ಹೊತ್ತಿಕೊಳ್ಳುವ ಗುಣವಿದೆ, ಗ್ಯಾಸ್ ಒಳಗಿರುವಾಗ ಬೆಸುಗೆ ಹಾಕಲು ಬಿಡಬೇಡಿ. ಮೆಕ್ಯಾನಿಕ್ಕನ್ನು ಕರೆಯುವ ಮುಂಚೆ ಒಂದು ಪರೀಕ್ಷೆಯನ್ನು ನೀವೇ ಮಾಡಬಹುದು: 15 ನಿಮಿಷ ಓಡಿಸಿ, ಒಳಹೋಗುವ ಮತ್ತು ಹೊರಬರುವ ಗಾಳಿಯ ತಾಪಮಾನ ಅಳೆಯಿರಿ. ಕೂಲಿಂಗಿನಲ್ಲಿ 8ರಿಂದ 12 ಡಿಗ್ರಿ ವ್ಯತ್ಯಾಸವಿದ್ದರೆ ಗ್ಯಾಸ್ ಸರಿಯಿದೆ. ಹೀಟಿಂಗಿನಲ್ಲಿ ವ್ಯತ್ಯಾಸ ಇದಕ್ಕಿಂತ ಹೆಚ್ಚಿರಬೇಕು. ವ್ಯತ್ಯಾಸ ಸರಿಯಿದ್ದೂ ಗಾಳಿ ಕಡಿಮೆಯೆನಿಸಿದರೆ ಫಿಲ್ಟರೋ ಬ್ಲೋವರೋ ಕೊಳೆಯಾಗಿದೆ.

ಫಿಲ್ಟರನ್ನು ಬಳಕೆಯ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನಲ್ಲಿಯಡಿ ಹಿಮ್ಮುಖವಾಗಿ ತೊಳೆದು ನೆರಳಲ್ಲಿ ಒಣಗಿಸಿ. ಔಟ್‌ಡೋರ್ ಯೂನಿಟ್ಟನ್ನು ವರ್ಷಕ್ಕೆರಡು ಬಾರಿ, ಎಂಸಿಬಿ (ವಿದ್ಯುತ್ ಕಡಿಯುವ ಸ್ವಿಚ್ಚು) ಇಳಿಸಿ ಹತ್ತು ನಿಮಿಷ ಕಾದು, ಸಾಮಾನ್ಯ ಪೈಪಿನ ನೀರಿನಿಂದ ತೊಳೆಯಿರಿ. ಪ್ರೆಶರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ನಾಲ್ಕು ವರ್ಷದಲ್ಲಿ ಕೆಟ್ಟದ್ದು ಎರಡು. ಒಂದು ಡ್ರೈನ್, ಅದನ್ನು ಆಗಲೇ ಹೇಳಿದೆ. ಇನ್ನೊಂದು ಔಟ್‌ಡೋರ್ ಯೂನಿಟ್ಟಿನ ಪಿಸಿಬಿ, ಅಂದರೆ ಎಲೆಕ್ಟ್ರಾನಿಕ್ ಬೋರ್ಡು: ಹಲ್ಲಿಯೊಂದು ಒಳಹೊಕ್ಕು ಎರಡು ಬಿಂದುಗಳ ನಡುವೆ ಸತ್ತು ಶಾರ್ಟ್ ಆಗಿತ್ತು. ಇನ್ವರ್ಟರ್ ಯಂತ್ರದಲ್ಲಿ ಕಂಪ್ರೆಸರಿಗಿಂತ ಈ ಬೋರ್ಡೇ ಸೂಕ್ಷ್ಮ, ಬದಲಿಸುವುದೂ ದುಬಾರಿ. ವೈರು ಒಳಹೋಗುವ ತೂತುಗಳನ್ನು ಸಣ್ಣ ಕಣ್ಣಿನ ಜಾಲರಿಯಿಂದಲೋ ಸೀಲಿಂಗ್ ಪುಟ್ಟಿಯಿಂದಲೋ ಮುಚ್ಚಿ. ಗಾಳಿಯಾಡುವ ಜಾಲಿಯನ್ನು ಮಾತ್ರ ಮುಚ್ಚಬೇಡಿ. ವಾರಂಟಿ ಚೀಟಿಯಲ್ಲಿ ಕಂಪ್ರೆಸರಿಗೆ ಹತ್ತು ವರ್ಷ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ, ಅದರ ಕೆಳಗಿನ ಸಣ್ಣಕ್ಷರದಲ್ಲಿ ಪಿಸಿಬಿಗೆ ಎಷ್ಟು ವರ್ಷ ಎಂದಿದೆಯೋ ಅದನ್ನು ಓದಿ ಕೊಳ್ಳಿ.