ರೀಗಲ್ ಏಂಜೆಲ್ ಕೊಳ್ಳುವ ಮುನ್ನ ಅದು ತಿನ್ನುವುದನ್ನು ಕಣ್ಣಾರೆ ನೋಡಿ

ಮುಂಬೈ, ಠಾಣೆ, ಡೊಂಬಿವಲಿಯ ಕಡೆ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿರುವ ಕನ್ನಡಿಗರು ದಯವಿಟ್ಟು ಇದನ್ನು ಓದಿ. ನಗರದ ಒಂದು ಅಂಗಡಿಯವರು ಈ ವಾರ ಮತ್ತೆ ರೀಗಲ್ ಏಂಜೆಲ್ ಮೀನಿನ ವಿಡಿಯೊವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿದ್ದಾರೆ. ಎಲ್ಲವನ್ನೂ ತಿನ್ನುತ್ತದೆ, ಸಾಕುವುದು ಸುಲಭ ಎಂಬ ಒಕ್ಕಣೆಯೂ ಜೊತೆಗಿದೆ. ನನಗೂ ಇದೇ ಮಾತು ಹೇಳಿ ಮಾರಿದ್ದರು. ಆ ಮೀನು ನನ್ನ ಮನೆಯಲ್ಲಿ ಹಸಿವಿನಿಂದ ಸತ್ತಿತು.

ಹಳದಿ ಮೈಮೇಲೆ ಕಪ್ಪಂಚಿನ ನೀಲಿ ಬಿಳುಪಿನ ಪಟ್ಟೆಗಳಿರುವ ಈ ಮೀನು ಎಷ್ಟು ಚೆಲುವಾಗಿದೆಯೆಂದರೆ ನೋಡಿದವರಿಗೆ ಬೇಕೆನ್ನಿಸುವುದು ಸಹಜ. ಆದರೆ ಹವಳದ ದಿಬ್ಬಗಳ ಸಂದುಗೊಂದುಗಳಲ್ಲಿ ಬಾಳುವ ಇದರ ಆಹಾರ ಮುಖ್ಯವಾಗಿ ಬಂಡೆಗೆ ಅಂಟಿಕೊಂಡು ಬೆಳೆಯುವ ಸ್ಪಂಜು ಮತ್ತು ಟ್ಯೂನಿಕೇಟ್ ಎಂಬ ಮೆದು ಜೀವಿಗಳು. ನಾವು ಹಾಕುವ ಒಣ ಗುಳಿಗೆಗಳು ತಿನ್ನುವ ವಸ್ತುವೆಂದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಅಂಗಡಿಯಲ್ಲಿ, ಸ್ವಲ್ಪ ಆಹಾರ ಹಾಕಿ ತೋರಿಸಿ ಎಂದು ಕೇಳಿದೆ. "ಈಗಷ್ಟೇ ತಿಂದಿದೆ ಸಾಹೇಬರೇ, ಇನ್ನೂ ಹಾಕಿದರೆ ನೀರು ಕೆಡುತ್ತದೆ" ಎಂದರು. ಎಲ್ಲಿಂದ ಬಂದದ್ದು ಎಂದು ಕೇಳಿದ್ದಕ್ಕೆ ಮಾಲ್ಡೀವ್ಸ್ ಎಂದರು. ಅದೂ ಸುಳ್ಳು. ಹಿಂದೂ ಮಹಾಸಾಗರದ ರೀಗಲ್‌ಗೆ ಎದೆಯ ಭಾಗ ಹಳದಿಯಾಗಿರುತ್ತದೆ, ಪೆಸಿಫಿಕ್ ಕಡೆಯದಕ್ಕೆ ಬೂದು ನೀಲಿ. ನನಗೆ ಕೊಟ್ಟಿದ್ದು ಬೂದು ಎದೆಯದು. ಹಳದಿ ಎದೆಯವು ತೊಟ್ಟಿಗೆ ಸ್ವಲ್ಪ ಬೇಗ ಹೊಂದಿಕೊಳ್ಳುತ್ತವೆ ಎಂಬುದು ಸಾಕಿದವರ ಅನುಭವ. ಅಂಗಡಿಯವರು ಮಾಲ್ಡೀವ್ಸ್ ಹೆಸರು ಹೇಳುವುದೂ ಅದಕ್ಕೇ.

ಮನೆಗೆ ಬಂದ ಮೇಲೆ ಮೊದಲು ಕಲ್ಲಿನ ಹಿಂದೆ ಅಡಗಿಕೊಂಡಿತು. ಹೊಸ ಮೀನು ಹಾಗೆ ಮಾಡುವುದು ವಾಡಿಕೆ. ಆಮೇಲೆ ಹೊರಬಂದು ದಿನವಿಡೀ ಕಲ್ಲುಗಳನ್ನು ಕುಕ್ಕತೊಡಗಿತು. ಊರಿನಿಂದ ಬಂದಿದ್ದ ನಮ್ಮ ಅತ್ತೆ, "ಪಾಪ, ಎಷ್ಟು ಚೆನ್ನಾಗಿ ಮೇಯುತ್ತಿದೆ" ಎಂದು ಖುಷಿಪಟ್ಟರು. ಎಲ್ಲರನ್ನೂ ಮೋಸಗೊಳಿಸುವ ನೋಟ ಇದೇ. ಮನೆಯ ತೊಟ್ಟಿಯ ಕಲ್ಲಿನ ಮೇಲೆ ಬೆಳೆಯುವ ಅಷ್ಟಿಷ್ಟು ಜೀವಿಗಳು ಆ ಗಾತ್ರದ ಮೀನಿನ ಹೊಟ್ಟೆಗೆ ಯಾವ ಮೂಲೆಗೂ ಸಾಲುವುದಿಲ್ಲ. ಗುಳಿಗೆಯನ್ನು ಅದು ಮೂಸಿಯೂ ನೋಡಲಿಲ್ಲ. ಹೆಪ್ಪುಗಟ್ಟಿಸಿದ ಮೈಸಿಸ್ ಸೀಗಡಿಯನ್ನು ಬಾಯಿಗೆ ತೆಗೆದುಕೊಂಡು ಉಗುಳಿತು. ಮೀನಿನ ಬಾಯಿ ಆಡುತ್ತಿದೆಯೇ ಎಂದು ನೋಡಬೇಡಿ, ನುಂಗುತ್ತಿದೆಯೇ ಎಂದು ನೋಡಿ.

ಅಂಗಡಿಗೆ ಫೋನ್ ಮಾಡಿದರೆ, ನಿಮ್ಮ ನೀರು ಸರಿಯಿಲ್ಲ, ಪರೋಪಜೀವಿಗಳನ್ನು ಕೊಲ್ಲುವ ತಾಮ್ರದ ಔಷಧಿ ಹಾಕಿ ಎಂದರು. ಮೀನಿಗೆ ವಿಷವಾಗುವ ಅಮೋನಿಯ ಮತ್ತು ನೈಟ್ರೈಟ್ ಸೊನ್ನೆ, ಉಪ್ಪಿನಂಶ ತೋರಿಸುವ ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ, ನೀರಿನಲ್ಲಿ ದೋಷವಿರಲಿಲ್ಲ. ತಾಮ್ರ ಹಾಕಿದರೆ ಮೀನಿನ ಹಸಿವು ಇನ್ನಷ್ಟು ಕುಗ್ಗುತ್ತದೆ, ಏಂಜೆಲ್‌ಗಳಿಗಂತೂ ಅದು ಸುಲಭವಾಗಿ ಒಗ್ಗುವುದಿಲ್ಲ. ಮುಂದಿನ ಸಲಹೆ ಇನ್ನೂ ಕೆಟ್ಟದು: ಸ್ಪಂಜು ಬೆಳೆದಿರುವ ಸಮುದ್ರದ ಹವಳಗಲ್ಲು ತರಿಸಿಕೊಡುತ್ತೇವೆ, ಬಿಲ್ ಇರುವುದಿಲ್ಲ ಎಂದರು. ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯಿರುವ ಪಟ್ಟಿಯಲ್ಲೇ. ಯಾರಾದರೂ ನಿಮಗೆ ಹೀಗೆ ಹೇಳಿದರೆ ಆ ಅಂಗಡಿಯ ಮೆಟ್ಟಿಲನ್ನು ಮತ್ತೆ ಹತ್ತಬೇಡಿ.

ಕೊನೆಗೆ ಅದು ಮನಸ್ಸಿಟ್ಟು ತಿಂದದ್ದು ಮೀನು ಮಾರುಕಟ್ಟೆಯಲ್ಲಿ ಸಿಗುವ ತಿಸ್ರೆ ಎಂಬ ಚಿಪ್ಪುಜೀವಿಯನ್ನು, ಅಂದರೆ ನಮ್ಮ ಕರಾವಳಿಯ ಮರುವಾಯಿಯನ್ನು. ಆ ಹೊತ್ತಿಗೆ ಹೊಟ್ಟೆ ಬೆನ್ನಿಗೆ ಅಂಟಿತ್ತು, ತಲೆಯ ಹಿಂದಿನ ಮಾಂಸ ಕುಗ್ಗಿ ಗುಳಿ ಬಿದ್ದಿತ್ತು. ತಿಂದರೂ ಚೇತರಿಸಿಕೊಳ್ಳಲಿಲ್ಲ. ಪೆಸಿಫಿಕ್ ಕಡೆಯ ಫಿಲಿಪ್ಪೀನ್ಸ್ ಮತ್ತು ಇಂಡೋನೇಷ್ಯಾದಲ್ಲಿ ಸಯನೈಡ್ ಚಿಮುಕಿಸಿ ಮೀನಿನ ಎಚ್ಚರ ತಪ್ಪಿಸಿ ಹಿಡಿಯುವ ಪಿಡುಗು ದಶಕಗಳಿಂದ ಇದೆ. ಹಾಗೆ ಹಿಡಿದ ಮೀನುಗಳು ಮೇಲ್ನೋಟಕ್ಕೆ ಚೆನ್ನಾಗಿದ್ದು ವಾರಗಳ ನಂತರವೂ ಸಾಯುವುದುಂಟು. ನನ್ನ ಮೀನಿಗೂ ಹಾಗೆ ಆಗಿತ್ತೆಂದು ಸಾಬೀತು ಮಾಡಲಾರೆ. ಆದರೆ ಮೂಲದ ಬಗ್ಗೆ ಸುಳ್ಳು ಹೇಳಿದವರನ್ನು ನಾನು ಯಾಕೆ ನಂಬಲಿ?

ಇಷ್ಟರ ಮೇಲೂ ಸಾಕಲೇಬೇಕೆಂದಿದ್ದರೆ, 25 ಸೆಂಟಿಮೀಟರ್‌ವರೆಗೆ ಬೆಳೆಯುವ ಮೀನಿಗೆ ತಕ್ಕಷ್ಟು ದೊಡ್ಡ, ಬಹುಕಾಲದಿಂದ ಸ್ಥಿರವಾಗಿ ನಡೆಯುತ್ತಿರುವ ತೊಟ್ಟಿ ಇರಲಿ. ಮುಂಗಡ ಕೊಟ್ಟು ಮೀನನ್ನು ಕೆಲವು ವಾರ ಅಂಗಡಿಯಲ್ಲೇ ಇರಿಸಿ, ಬೇರೆ ಬೇರೆ ದಿನ ಹೋಗಿ ನಿಮ್ಮೆದುರೇ ತಿನ್ನಿಸಲು ಹೇಳಿ. ಒಪ್ಪದವರಿಂದ ಕೊಳ್ಳಬೇಡಿ.

ಈಗಾಗಲೇ ತಂದಿದ್ದರೆ ಕಾಯುತ್ತಾ ಕೂರಬೇಡಿ. ದೀಪ ಮಂದಗೊಳಿಸಿ, ಕಾಟ ಕೊಡುವ ಮೀನುಗಳಿದ್ದರೆ ಬೇರ್ಪಡಿಸಿ. ತಿಸ್ರೆಯನ್ನು ತೊಳೆದು ಫ್ರೀಜರ್‌ನಲ್ಲಿಟ್ಟು ಕರಗಿಸಿ, ಒಂದು ಬದಿಯ ಚಿಪ್ಪನ್ನು ತೆಗೆದು, ಅದು ಅಡಗುವ ಕಲ್ಲಿನ ಸಂದಿಯ ಬಳಿಯೇ ಇಡಿ. ಕೆಲವು ಗಂಟೆಗಳಲ್ಲಿ ತಿನ್ನದೆ ಉಳಿದದ್ದನ್ನು ಹೊರಗೆ ತೆಗೆಯಿರಿ, ಇಲ್ಲವಾದರೆ ಅದು ಕೊಳೆತು ಅಮೋನಿಯ ಏರುತ್ತದೆ.