ಕೋಲ್ಕತ್ತಾ ಟ್ರಾಮ್: ಹನ್ನೆರಡು ವರ್ಷದಿಂದ ಹತ್ತುತ್ತಿರುವ ಪ್ಯಾಸೆಂಜರ್ ಬರೆದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ನಾನು ಈ ಊರಿನವನಲ್ಲ. ಹಾಸನದ ಕಡೆಯವನು. 2013ರಲ್ಲಿ ಕಂಪನಿಯವರು ಎರಡು ವರ್ಷಕ್ಕೆ ಅಂತ ಅಕೌಂಟ್ಸ್ ಕೆಲಸಕ್ಕೆ ಕಳಿಸಿದರು, ಇನ್ನೂ ಇಲ್ಲೇ ಇದ್ದೇನೆ. ಮನೆ ಹಾತಿಬಾಗಾನ್ ಹತ್ತಿರ, ಆಫೀಸು ಎಸ್‌ಪ್ಲನೇಡ್ ಹತ್ತಿರ. ಎರಡರ ಮಧ್ಯೆ 5ನೇ ನಂಬರ್ ಟ್ರಾಮ್. ಹಾಗಾಗಿ ಇದು ರಜೆಗೆ ಬಂದು, ಒಂದು ಸಲ ಹತ್ತಿ, ಫೋಟೊ ತೆಗೆದುಕೊಂಡು ಹೋದವನ ವಿಮರ್ಶೆ ಅಲ್ಲ. ಏಳು ವರ್ಷ ಹೆಚ್ಚುಕಡಿಮೆ ದಿನಾ ಹತ್ತಿದೆ, ಆಮೇಲೆ ಆಗಾಗ, ಈಗ ತಿಂಗಳಿಗೆ ಎರಡು ಸಲ ಹತ್ತಿದರೆ ಜಾಸ್ತಿ.

ರೇಟಿಂಗ್ ಕೇಳಿದರೆ, ಒಳಗೆ ಕೂತ ಮೇಲೆ 5ಕ್ಕೆ 5. ಹೊರಗೆ ನಿಂತು ಕಾಯುವಾಗ 5ಕ್ಕೆ 1. ಇವೆರಡನ್ನೂ ಕೂಡಿಸಿ ಭಾಗಿಸಿ 3 ಅಂತ ಕೊಟ್ಟರೆ ಯಾರಿಗೂ ಏನೂ ತಿಳಿಯಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಒಳಗಿನದು ಮೊದಲು. ನಾನು ಬಂದಾಗ ಎರಡು ಡಬ್ಬಿಯ ಟ್ರಾಮ್‌ಗಳೇ ಜಾಸ್ತಿ. ಮುಂದಿನದು ಫಸ್ಟ್ ಕ್ಲಾಸ್, ಅಂದರೆ ಮೇಲೆ ಫ್ಯಾನ್ ಇತ್ತು ಅಂತ ಅರ್ಥ, ಅಷ್ಟೇ. ಹಿಂದಿನದಕ್ಕೆ ಫ್ಯಾನ್ ಇರಲಿಲ್ಲ, ಟಿಕೆಟ್ ಸ್ವಲ್ಪ ಕಡಿಮೆ ಇತ್ತು. ಕಂಡಕ್ಟರ್ ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡಿರುತ್ತಾರೆ, ಹೆಗಲಲ್ಲಿ ಚರ್ಮದ ಚೀಲ, ಕೈಯಲ್ಲಿ ತೆಳ್ಳನೆ ಕಾಗದದ ಟಿಕೆಟ್ ಕಟ್ಟು. ಬೆವರಿದ ಕೈಯಲ್ಲಿ ಹತ್ತು ನಿಮಿಷ ಹಿಡಿದುಕೊಂಡರೆ ಆ ಟಿಕೆಟ್ ಮೆತ್ತಗಾಗಿ ಅಂಟಿಕೊಳ್ಳುತ್ತೆ. ಡ್ರೈವರ್ ಕಾಲಲ್ಲಿ ಒತ್ತಿ ಗಂಟೆ ಹೊಡೆಯುತ್ತಾರೆ, ಟಣ್ ಟಣ್ ಅಂತ. ಹಳಿ ಕವಲೊಡೆಯುವ ಕಡೆ ಒಬ್ಬ ಕಬ್ಬಿಣದ ಸಲಾಕೆ ಹಿಡಿದು ನಿಂತಿರುತ್ತಾನೆ, ಅದನ್ನು ಸಂದಿಗೆ ಹಾಕಿ ಮೀಟಿ ಹಳಿ ತಿರುಗಿಸುತ್ತಾನೆ. ಮೇಲೆ ಮೆಟ್ರೋ ಬೋರ್ಡು ಹೊಳೆಯುತ್ತಿರುತ್ತೆ, ಕೆಳಗೆ ಈ ಸಲಾಕೆ.

ಮಗಳು ಹುಟ್ಟಿದ ಮೇಲೆ ಮೊದಲ ಸಲ ಹೆಂಡತಿ ಅವಳನ್ನೆತ್ತಿಕೊಂಡು ಇಳಿಯುವಾಗ ಕಂಡಕ್ಟರ್ ಡ್ರೈವರ್‌ಗೆ ಕೇಳುವ ಹಾಗೆ ಕೂಗಿದರು: 'ಆಸ್ತೆ! ಲೇಡೀಸ್, ಕೋಲೆ ಬಾಚ್ಚಾ!' ನಿಧಾನ, ಹೆಂಗಸರು, ಕಂಕುಳಲ್ಲಿ ಮಗು ಅಂತ. ಬಸ್ಸಿನಲ್ಲೂ ಇದನ್ನೇ ಕೂಗುತ್ತಾರೆ, ಆದರೆ ಬಸ್ಸು ನಿಲ್ಲೋದಿಲ್ಲ, ಸ್ವಲ್ಪ ಮೆಲ್ಲಗೆ ಉರುಳುತ್ತೆ. ಟ್ರಾಮ್ ನಿಜವಾಗಿಯೂ ನಿಂತಿತು. ಹಿಂದೆ ಹತ್ತು ಗಾಡಿಗಳು ಹಾರ್ನ್ ಹೊಡೆಯುತ್ತಿದ್ದರೂ ನಿಂತಿತು.

ಶ್ಯಾಮ್‌ಬಜಾರ್‌ನಿಂದ ಹೊರಟು ಬಿಧಾನ್ ಸರಣಿ, ಸ್ಟಾರ್ ಥಿಯೇಟರ್, ಹೇದುವಾ ಕೆರೆ, ಠನ್‌ಠನಿಯಾ ಕಾಳಿಗುಡಿ, ಕಾಲೇಜ್ ಸ್ಟ್ರೀಟಿನ ಪುಸ್ತಕದ ಅಂಗಡಿಗಳು, ವೆಲಿಂಗ್ಟನ್, ಲೆನಿನ್ ಸರಣಿ, ಎಸ್‌ಪ್ಲನೇಡ್. ಕಾಲೇಜ್ ಸ್ಟ್ರೀಟಲ್ಲಿ ಕಿಟಕಿಯಿಂದಲೇ ಪುಸ್ತಕದ ಬೆನ್ನು ಓದಬಹುದು, ಅಷ್ಟು ನಿಧಾನ. ನಾನು ಬಂಗಾಳಿ ಅಕ್ಷರ ಕಲಿತದ್ದು ಹಾಗೇ, ಅಂಗಡಿ ಬೋರ್ಡು ಕೂಡಿಸಿ ಕೂಡಿಸಿ ಓದಿ. ಬಸ್ಸಿನಲ್ಲಿ ಹೋಗಿದ್ದರೆ ಇನ್ನೂ ಸಹಿ ಹಾಕೋಕೆ ಬರುತ್ತಿರಲಿಲ್ಲ.

ಇನ್ನು ಹೊರಗೆ.

2013ರಲ್ಲಿ ನಾನು ಸ್ಟಾಪಿನಲ್ಲಿ ಹತ್ತು ಹದಿನೈದು ನಿಮಿಷ ಕಾಯುತ್ತಿದ್ದೆ. ಆಮೇಲೆ ಅದು ಇಪ್ಪತ್ತಾಯಿತು. 2020ರ ಮೇ ತಿಂಗಳಲ್ಲಿ ಆಂಫಾನ್ ಚಂಡಮಾರುತ ಬಂತು, ಮರಗಳು ತಂತಿ ಮೇಲೆ ಬಿದ್ದವು, ಟ್ರಾಮ್ ತುಂಬಾ ಕಾಲ ಬಂದ್. ಶುರುವಾದ ಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಸ್ಟಾಪು ಅಂದರೆ ಏನು ಅಂತ ಹೇಳಬೇಕು. ಎಷ್ಟೋ ಕಡೆ ನೆರಳಿಲ್ಲ, ವೇಳಾಪಟ್ಟಿ ಇಲ್ಲ. ಹಳಿ ರಸ್ತೆಯ ನಟ್ಟನಡುವೆ. ಟ್ರಾಮ್ ಕಂಡ ಕೂಡಲೇ ನೀವು ಕೈ ಎತ್ತಿಕೊಂಡು ಆಟೋ, ಬಸ್ಸು, ಕೈಗಾಡಿ ಎಲ್ಲದರ ಮಧ್ಯೆ ನುಗ್ಗಿ ಅಲ್ಲಿಗೆ ತಲುಪಬೇಕು. ಮೊಣಕಾಲು ನೋವಿರುವ ಪಕ್ಕದ ಮನೆಯ ಮಾಶಿಮಾ ಹೇಳುತ್ತಿದ್ದರು, ಟ್ರಾಮ್ ಹತ್ತೋದು ಸುಲಭ, ಟ್ರಾಮ್ ಹತ್ತಿರ ಹೋಗೋದೇ ಕಷ್ಟ ಅಂತ.

ಹಿಂದೆ ಎಲ್ಲ ಕಡೆ ಹೀಗಿರಲಿಲ್ಲ. ರಾಸ್‌ಬಿಹಾರಿ ಅವೆನ್ಯೂ ತರದ ಅಗಲ ರಸ್ತೆಗಳಲ್ಲಿ ಟ್ರಾಮ್‌ಗೆ ಅಂತಲೇ ಹುಲ್ಲು ಹಾಸಿದ ಬೇರೆ ಪಟ್ಟಿ ಇತ್ತು. ಬೇರೆ ಗಾಡಿಗಳು ಅದರೊಳಗೆ ಬರುವ ಹಾಗಿರಲಿಲ್ಲ. ರಸ್ತೆ ಅಗಲ ಮಾಡುತ್ತೇವೆ ಅಂತ ಆ ಪಟ್ಟಿಗೆ ಕಾಂಕ್ರೀಟ್ ಹಾಕಿ ಎಲ್ಲರಿಗೂ ಬಿಟ್ಟುಕೊಟ್ಟರು. ಆವತ್ತಿನಿಂದ ಟ್ರಾಮ್ ಎಲ್ಲರ ಹಿಂದೆ ಕ್ಯೂ ನಿಲ್ಲುವಂತಾಯಿತು, ಆಮೇಲೆ ಟ್ರಾಮ್‌ನಿಂದಲೇ ಜಾಮ್ ಅನ್ನುವ ಮಾತೂ ಶುರುವಾಯಿತು.

ಒಂದು ಸಲ ಹೇದುವಾ ಹತ್ತಿರ ಯಾರೋ ಪುಣ್ಯಾತ್ಮ ಹಳಿ ಮೇಲೆ ಸ್ಕೂಟರ್ ನಿಲ್ಲಿಸಿ ಎಲ್ಲಿಗೋ ಹೋಗಿದ್ದ. ಡ್ರೈವರ್ ಗಂಟೆ ಹೊಡೆದರು. ಕಂಡಕ್ಟರ್ ಇಳಿದು ಅಂಗಡಿ ಅಂಗಡಿ ಕೇಳಿಕೊಂಡು ಬಂದರು. ಕೊನೆಗೆ ನಾವೇ ನಾಲ್ಕು ಜನ ಪ್ಯಾಸೆಂಜರ್‌ಗಳು ಅದನ್ನೆತ್ತಿ ಪಕ್ಕಕ್ಕಿಟ್ಟೆವು. ಹದಿನೆಂಟು ನಿಮಿಷ, ನಾನು ವಾಚ್ ನೋಡಿದ್ದೆ. ಆ ದಿನ ನನ್ನ ಹಾಜರಿಗೆ ಕೆಂಪು ಗೆರೆ ಬಿತ್ತು. 'ಟ್ರಾಮ್‌ನಲ್ಲಿ ಬಂದೆ ಸಾರ್' ಅಂದರೆ ಎಲ್ಲರೂ ನಕ್ಕರು.

ನಮ್ಮಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದವರು. 2018ರಲ್ಲಿ ಬಂದಿದ್ದಾಗ ಕರೆದುಕೊಂಡು ಹೋದೆ. ಮುಂದೆ ಡ್ರೈವರ್ ಬೆನ್ನ ಹಿಂದೆಯೇ ನಿಂತು ಎಸ್‌ಪ್ಲನೇಡ್ ತನಕ ನೋಡಿದರು, ಸೀಟು ಖಾಲಿ ಇದ್ದರೂ ಕೂರಲಿಲ್ಲ. 'ಸ್ಟೇರಿಂಗೇ ಇಲ್ವಲ್ಲೋ. ಪಾಪ, ಸೈಡ್ ಹೊಡೆಯೋ ಹಾಗಿಲ್ಲ, ಓವರ್‌ಟೇಕ್ ಮಾಡೋ ಹಾಗಿಲ್ಲ, ಬರೀ ತಾಳ್ಮೆ ಮೇಲೆ ಡ್ಯೂಟಿ ಮಾಡ್ತಾನೆ' ಅಂದರು. ಇಳಿದ ಮೇಲೆ ಚಹಾ ಕುಡಿಯುತ್ತಾ ನಾನು ಹೇಳಿದೆ, ಜನ ಹತ್ತಲ್ಲ ಅಂತ ಒಂದೊಂದೇ ರೂಟು ನಿಲ್ಲಿಸುತ್ತಿದ್ದಾರೆ ಅಪ್ಪ ಅಂತ. ಅವರು ನಕ್ಕರು. 'ನಮ್ಮೂರಿನ ನೈಟ್ ಹಾಲ್ಟ್ ಬಸ್ಸು ಹೇಗೆ ಹೋಯ್ತು ಮರೆತ್ಯಾ? ಮೊದಲು ಬೆಳಗಿನ ಟ್ರಿಪ್ ಒಂದು ಕಟ್ ಮಾಡಿದ್ರು. ಕಾಲೇಜು ಹುಡುಗರು ಟೆಂಪೊ ಹತ್ತಿದ್ರು. ಕಲೆಕ್ಷನ್ ಬಿತ್ತು. ಕಲೆಕ್ಷನ್ ಇಲ್ಲ ಅಂತ ಸಂಜೆ ಟ್ರಿಪ್ ಕಟ್. ಆಮೇಲೆ ಹಾಲ್ಟೇ ಕಟ್. ಕಾಗದದಲ್ಲಿ ಮಾತ್ರ ಜನ ಇಲ್ಲ ಅಂತಾನೇ ಇರುತ್ತೆ ಕಣೋ.'

ಇವತ್ತಿನ ತನಕ ಈ ವಿಷಯದಲ್ಲಿ ನಾನು ಕೇಳಿದ ಚರ್ಚೆಗಳಲ್ಲಿ ಇದಕ್ಕಿಂತ ನೇರವಾದ ಮಾತು ಇನ್ನೊಂದಿಲ್ಲ. ಬೇಕಿದ್ದರೆ ಇಲ್ಲಿನ ಲೆಕ್ಕ ನೋಡಿ. ಮೆಟ್ರೋ ಕಾಮಗಾರಿಗೆ ಬಿಬಿಡಿ ಬಾಗ್ ಟರ್ಮಿನಸ್ ಹೋಯಿತು. 2018ರ ಸೆಪ್ಟೆಂಬರ್‌ನಲ್ಲಿ ಮಾಝೇರ್‌ಹಾಟ್ ಸೇತುವೆ ಕುಸಿಯಿತು, ಆ ಭಯಕ್ಕೆ ಬೇರೆ ಕೆಲವು ಸೇತುವೆಗಳ ಮೇಲೆ ಟ್ರಾಮ್ ನಿಲ್ಲಿಸಿದರು. ಟಾಲಾ ಸೇತುವೆ ಒಡೆದು ಕಟ್ಟುವಾಗ ಬೆಲ್ಗಾಛಿಯಾ ಕಡೆಯ ಓಡಾಟ ನಿಂತಿತು. ಡಿಪೊ ಜಾಗ ಬೇರೆ ಮಾರಾಟಕ್ಕೆ ಬಂತು. ಪ್ರತಿ ಸಲವೂ ಕಾರಣ ಬೇರೆ, ಆದರೆ ಹೋದದ್ದು ಮಾತ್ರ ತಿರುಗಿ ಬಂದದ್ದು ಕಡಿಮೆ. ಆಮೇಲೆ 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾರಿಗೆ ಸಚಿವರು ಹೇಳಿದರು, ಮೈದಾನದಿಂದ ಎಸ್‌ಪ್ಲನೇಡ್‌ವರೆಗಿನ ಒಂದು ಪಾರಂಪರಿಕ ಓಟ ಇಟ್ಟುಕೊಂಡು ಉಳಿದದ್ದೆಲ್ಲ ನಿಲ್ಲಿಸುತ್ತೇವೆ ಅಂತ. ಕೋಲ್ಕತ್ತಾದಲ್ಲಿ ರಸ್ತೆಗೆ ಇರುವುದೇ ಶೇ. 6ರಷ್ಟು ಜಾಗ, ನಿಧಾನದ ಟ್ರಾಮ್‌ನಿಂದ ಜಾಮ್ ಆಗುತ್ತೆ ಅನ್ನುವುದು ಅವರ ವಾದ. ಟ್ರಾಮ್ ಪ್ರೇಮಿಗಳು ಕೋರ್ಟಿಗೆ ಹೋಗಿದ್ದಾರೆ, ಹಳಿಗಳ ಮೇಲೆ ಡಾಂಬರು ಹಾಕುವ ವಿಷಯ ಹೈಕೋರ್ಟಿನ ತನಕ ಹೋಗಿದೆ.

ಶೇ. 6ರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಬಿಧಾನ್ ಸರಣಿಯನ್ನೇ ನೋಡಿ, ಫುಟ್‌ಪಾತ್ ಮೇಲೆ ಅಂಗಡಿ, ಅಂಗಡಿ ಮುಂದೆ ಬೈಕು, ಬೈಕಿನಾಚೆ ಆಟೋ, ಅದರ ಮಧ್ಯೆ ಹಳಿ. ಮಳೆ ಬಂದಾಗ ಹಳಿ ಮೇಲೆ ಬೈಕ್ ಜಾರಿ ಬಿದ್ದವರನ್ನು ಕಣ್ಣಾರೆ ನೋಡಿದ್ದೇನೆ, ಅವರ ಸಿಟ್ಟು ಸುಳ್ಳಲ್ಲ. ಆದರೆ ಜಾಗ ಕಡಿಮೆ ಇದ್ದರೆ ಒಬ್ಬನೇ ಕೂತಿರುವ ಕಾರನ್ನು ಮೊದಲು ಹೊರಗೆ ಕಳಿಸಬೇಕೋ, ಅರವತ್ತು ಜನ ಕೂತಿರುವ ಡಬ್ಬಿಯನ್ನೋ? ಅರವತ್ತು ಜನ ಎಲ್ಲಿದ್ದಾರೆ, ಎಂಟೇ ಜನ ಇದ್ದಾರಲ್ಲ ಅನ್ನುತ್ತಾರೆ. ಹೌದು, ಮುಕ್ಕಾಲು ಗಂಟೆಗೊಂದು ಬಿಟ್ಟರೆ ಎಂಟೇ ಜನ ಇರುತ್ತಾರೆ. ಅಷ್ಟು ಹೊತ್ತು ಕಾಯುವ ವ್ಯವಧಾನ ಇರುವವರು ಪಿಂಚಣಿದಾರರು, ಪ್ರೇಮಿಗಳು ಮತ್ತು ಕ್ಯಾಮೆರಾ ಹಿಡಿದವರು.

ಪಾರಂಪರಿಕ ಓಟ ಅನ್ನುವ ಮಾತು ಕೇಳಿದರೆ ನನಗೆ ಸ್ವಲ್ಪ ಕಸಿವಿಸಿ. 1873ರ ಫೆಬ್ರವರಿ 24ರಂದು ಸಿಯಾಲ್ದಾದಿಂದ ಅರ್ಮೇನಿಯನ್ ಘಾಟ್‌ವರೆಗೆ ಕುದುರೆ ಎಳೆದ ಟ್ರಾಮ್ ಓಡಿದ್ದು ಕೆಲಸಕ್ಕೆ, ನೋಟಕ್ಕಲ್ಲ. ಜನ ಸಾಲದೆ ಅದೇ ವರ್ಷದ ನವೆಂಬರ್‌ನಲ್ಲಿ ನಿಂತೂ ಹೋಯಿತು, ಗೊತ್ತಾ? ಅಂದರೆ ಜನ ಇಲ್ಲ ಅನ್ನುವ ದೂರು ಟ್ರಾಮ್‌ನಷ್ಟೇ ಹಳೇದು. 1880ರಲ್ಲಿ ಮತ್ತೆ ಶುರು ಮಾಡಿದರು, 1902ರಲ್ಲಿ ಕರೆಂಟ್ ಬಂತು. 1953ರಲ್ಲಿ ಸೆಕೆಂಡ್ ಕ್ಲಾಸ್ ಟಿಕೆಟ್ ಒಂದು ಪೈಸೆ ಏರಿಸಿದ್ದಕ್ಕೆ ಇಡೀ ಊರು ಬೀದಿಗಿಳಿದು ಟ್ರಾಮ್ ಸುಟ್ಟಿತು. ಒಂದು ಪೈಸೆಗೆ! ಅಷ್ಟು ಜನರ ಹೊಟ್ಟೆಪಾಡು ಅದರ ಮೇಲಿತ್ತು. ಈಗ ಟ್ರಾಮನ್ನೇ ನಿಲ್ಲಿಸುತ್ತೇವೆ ಅಂದರೆ ಮೇಣದಬತ್ತಿ ಹಿಡಿದವರು ನೂರೋ ಇನ್ನೂರೋ. ಕಾನ್ಪುರ, ಚೆನ್ನೈ, ದೆಹಲಿ, ಮುಂಬೈ ಎಲ್ಲ ಕಡೆ 1964ರೊಳಗೆ ಮುಗಿದಿದ್ದು ಇಲ್ಲಿ ಉಳಿದದ್ದು ಯಾರೂ ಅದನ್ನು ಮ್ಯೂಸಿಯಂ ಅಂದುಕೊಂಡಿರಲಿಲ್ಲ ಅಂತಲೇ.

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ದಾದಾ (ಬಂಗಾಳಿಯಲ್ಲಿ ಅಣ್ಣ ಅಂತ) ಟ್ರಾಮ್ ಅಂದರೆ ಕಣ್ಣಲ್ಲಿ ನೀರು ಹಾಕುತ್ತಾರೆ. ಅವರ ಮಗ್ಗಿನ ಮೇಲೆ ಟ್ರಾಮ್, ಮೊಬೈಲ್ ಕವರ್ ಮೇಲೆ ಟ್ರಾಮ್. 'ಕೊನೇ ಸಲ ಯಾವಾಗ ಹತ್ತಿದ್ರಿ ದಾದಾ?' ಅಂತ ಕೇಳಿದೆ. ಯೋಚನೆ ಮಾಡಿದರು. ಮಗಳು ಆರನೇ ಕ್ಲಾಸಲ್ಲಿ ಇದ್ದಾಗ ಅಂದರು. ಮಗಳ ಮದುವೆಗೆ ನಾನೇ ಹೋಗಿ ಊಟ ಮಾಡಿ ಬಂದಿದ್ದೇನೆ.

ಅವರನ್ನು ನೋಡಿ ನಕ್ಕೆನೇ ಹೊರತು ನಾನೂ ಸಾಚಾ ಅಲ್ಲ. 2021ರಲ್ಲಿ ಆಫೀಸಿಗೆ ವಾಪಸ್ ಹೋಗುವಾಗ ಟ್ರಾಮ್ ಇರಲಿಲ್ಲ, ಶೋಭಾಬಜಾರ್‌ನಿಂದ ಮೆಟ್ರೋ ಹಿಡಿದೆ. ಕಾಲು ಗಂಟೆಯೊಳಗೆ ಎಸ್‌ಪ್ಲನೇಡ್, 10 ರೂಪಾಯಿ. ಟ್ರಾಮ್‌ನಲ್ಲಾದರೆ 40 ನಿಮಿಷ, 7 ರೂಪಾಯಿ, ಕಾಯುವುದು ಬೇರೆ. ಟ್ರಾಮ್ ತಿರುಗಿ ಶುರುವಾದ ದಿನ ನಾನೇ ಎಲ್ಲರಿಗೂ ಮೆಸೇಜ್ ಹಾಕಿ ಸಂಭ್ರಮಪಟ್ಟೆ. ಮರುದಿನ ಬೆಳಗ್ಗೆ 9 ಗಂಟೆಗೆ ಮೆಟ್ರೋ ಮೆಟ್ಟಿಲು ಇಳಿದೆ. ಹಾಜರಿಯ ಕೆಂಪು ಗೆರೆ ನೆನಪಿಗೆ ಬಂತು, ಅಷ್ಟೇ. ಆ ಎಂಟು ಜನರ ಜೊತೆ ಒಂಬತ್ತನೆಯವನು ನಾನಾಗಬೇಕಿತ್ತು, ಆಗಲಿಲ್ಲ. ಹತ್ತು ನಿಮಿಷಕ್ಕೊಂದು ಬರುತ್ತಿದ್ದರೆ ಹೋಗುತ್ತಿದ್ದೆನಾ? ಸಂಜೆ ಹೊತ್ತು ಖಂಡಿತ ಹೋಗುತ್ತಿದ್ದೆ. ಬೆಳಗ್ಗೆ ಹೇಳೋಕಾಗಲ್ಲ.

ಈಗ ಹತ್ತುವವರಿಗೆ ಒಂದೆರಡು ಮಾತು. ಹೊರಡುವ ಮುಂಚೆ ಓಡುತ್ತಿದೆಯಾ ಅಂತ ಕೇಳಿಕೊಳ್ಳಿ, ಹಬ್ಬ ಮೆರವಣಿಗೆ ಇದ್ದರೆ ಆಸೆ ಬಿಟ್ಟುಬಿಡಿ. ಮಧ್ಯದ ಸ್ಟಾಪಿನಲ್ಲಿ ಕಾಯಬೇಡಿ, ಶ್ಯಾಮ್‌ಬಜಾರ್ ಅಥವಾ ಎಸ್‌ಪ್ಲನೇಡ್‌ಗೇ ಹೋಗಿ ಹತ್ತಿ, ಕಿಟಕಿ ಸೀಟು ಸಿಗುತ್ತೆ. ಚಿಲ್ಲರೆ ಇಟ್ಟುಕೊಳ್ಳಿ, 500ರ ನೋಟು ತೆಗೆದರೆ ಕಂಡಕ್ಟರ್ ನಿಮ್ಮ ಮುಖವನ್ನೇ ನೋಡುತ್ತಾರೆ. ಟ್ರಾಮ್ ನಿಂತ ಕೂಡಲೇ ಇಳಿಯಬೇಡಿ, ಎಡಗಡೆಯಿಂದ ಬೈಕು ನುಗ್ಗುತ್ತವೆ, ಮೊದಲು ತಲೆ ಹೊರಗೆ ಹಾಕಿ ನೋಡಿ.

ನನ್ನ ಮಗಳಿಗೆ ಈಗ ಹತ್ತು ವರ್ಷ. ಟಿಕೆಟ್‌ಗಳನ್ನು ಒಂದು ಹಳೇ ಬಿಸ್ಕತ್ ಡಬ್ಬದಲ್ಲಿ ಕೂಡಿಡುತ್ತಾಳೆ. ಹೋದ ತಿಂಗಳು ಎಣಿಸಿದಳು, 63 ಇದ್ದವು. ನೂರು ಆಗಬೇಕಂತೆ. ಈ ಭಾನುವಾರ ಹೋಗೋಣ ಅಂದಿದ್ದೇನೆ.